ಆರನೇ ಕ್ಲಾಸಿಗೊಂದು ಜಾಗ

"ಜಿಲ್ಲಾ ಬೋರ್ಡಿನ ಬಜೆಟ್ ಪಾಸಾಯಿತು ಟೀಚರ್," ಎಂದು ಶಾಲಾ ಇನ್ಸ್‌ಪೆಕ್ಟರ್ ಕರುಪ್ಪುಸಾಮಿ ತಮಿಳಿನಲ್ಲಿ ಹೇಳಿದಾಗ ಭಾಮಾ ಸ್ಟೂಲಿನ ಮೇಲೆ ನಿಂತು ಬಣ್ಣದ ಕಾಗದದ ತೋರಣವನ್ನು ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದಳು. ಮರುದಿನ ಶಾಲೆಯ ವಾರ್ಷಿಕೋತ್ಸವ. ಅವಳ ಕೈಗೆಲ್ಲ ಮೈದಾ ಅಂಟು ಮೆತ್ತಿಕೊಂಡಿತ್ತು. ಇನ್ಸ್‌ಪೆಕ್ಟರು ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಟವೆಲಿನಿಂದ ಕತ್ತು ಒರೆಸಿಕೊಂಡು, ಬೆಂಚಿನ ಮೇಲೆ ಕೂತರು. ಅವರು ಸುಮ್ಮನೆ ಕೂತದ್ದರಲ್ಲೇ ಅವಳಿಗೆ ಅರ್ಥವಾಗಿಹೋಯಿತು.

"ಆರನೇ ಕ್ಲಾಸು ಕೊಡಲಿಲ್ಲ, ಅಲ್ಲವಾ ಸಾರ್?"

"ಕೊಡಲಿಲ್ಲ. ಕಟ್ಟಡವಿಲ್ಲದ ಕಡೆ ಹೊಸ ಕ್ಲಾಸು ತೆರೆಯುವುದು ಬೇಡ ಅಂದರು. ನಾನು ಎಷ್ಟೋ ಹೇಳಿ ನೋಡಿದೆ."

ಭಾಮಾ ಸ್ಟೂಲಿನಿಂದ ಇಳಿದಳು. ಸಿರುಮುಗೈಗೆ ಹತ್ತಿರದ ಇಲುಪ್ಪಪಾಳಯಂ ಶಾಲೆ ಐದನೇ ಕ್ಲಾಸಿಗೆ ಮುಗಿಯುತ್ತಿತ್ತು. ಓದು ಮುಂದುವರಿಸಬೇಕಾದರೆ ಮೆಟ್ಟುಪಾಳಯಂಗೆ ಹೋಗಬೇಕು. ಗಂಡುಹುಡುಗರು ಯಾರದಾದರೂ ಸೈಕಲ್ ಹತ್ತಿ ಹೋಗುತ್ತಿದ್ದರು. ಹೆಣ್ಣುಮಕ್ಕಳು ಮನೆಯಲ್ಲಿ ಉಳಿದು ಮಗ್ಗಕ್ಕೆ ನೂಲು ಸುತ್ತುತ್ತಿದ್ದರು. ಈ ವರ್ಷ ಐದನೇ ಕ್ಲಾಸು ಮುಗಿಸುವವರಲ್ಲಿ ಹೆಚ್ಚಿನವರು ಹುಡುಗಿಯರೇ. ಅವರನ್ನು ಒಂದನೇ ಕ್ಲಾಸಿನಿಂದ ಕೈಹಿಡಿದು ತಂದವಳು ಭಾಮಾ.

"ಇನ್ನೊಂದು ಸುದ್ದಿಯಿದೆ. ಇದು ಒಳ್ಳೆಯದು," ಎಂದರು ಇನ್ಸ್‌ಪೆಕ್ಟರು. "ನಿಮ್ಮ ವರ್ಗಾವಣೆ ಆಯಿತು. ಪೀಳಮೇಡಿಗೆ. ಜೂನ್‌ನಲ್ಲಿ ಶಾಲೆ ತೆರೆದಾಗ ಅಲ್ಲಿ ಸೇರಿಕೊಳ್ಳಬಹುದು."

ಅವಳು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದ ವರ್ಗಾವಣೆ ಅದು. ಪೀಳಮೇಡಿನಲ್ಲಿ ಅವಳ ಅಣ್ಣ ವ್ಯಾಸರಾಯನ ಮನೆಯಿತ್ತು. ಅಮ್ಮ ಅಂಬುಜಮ್ಮ ಅಲ್ಲೇ ಇದ್ದಳು. ಸಂಜೆ ಜಗಲಿಯಲ್ಲಿ ಕೂತರೆ ಮಾತಿಗೆ ಜನ, ತಿರುಗಿಸಿದರೆ ನಲ್ಲಿಯಲ್ಲಿ ನೀರು, ಶನಿವಾರ ಎಲ್ಲಾದರೂ ಒಂದು ಸಂಗೀತ ಕಚೇರಿ. ಇಲ್ಲಿ ಚೌಡೇಶ್ವರಿ ಗುಡಿಯ ಹಿಂದಿನ ಒಂದು ಕೋಣೆ. ಮಗ್ಗಗಳ ಸದ್ದು ನಿಂತ ಮೇಲೆ ಅವಳೊಂದಿಗೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಒಬ್ಬಳಿಗಾಗಿ ಅನ್ನ ಮಾಡಿ ಒಬ್ಬಳೇ ಉಣ್ಣುವುದು ಅವಳಿಗೆ ಸಾಕಾಗಿತ್ತು.

"ಸಂತೋಷ ಸಾರ್," ಎಂದಳು. ನಿಜವಾಗಿಯೂ ಸಂತೋಷವಾಗಿತ್ತು. ಆದರೂ ಕೇಳಿದಳು, "ಊರಿನವರೇ ಜಾಗ ಕೊಟ್ಟರೆ?"

"ಕೊಟ್ಟರೆ ಬೇರೆ ಮಾತು. ಈಗ ಎಲ್ಲ ಕಡೆ ಜನ ಶಾಲೆಗಾಗಿ ಮುಂದೆ ಬರುತ್ತಿದ್ದಾರೆ. ಗೋಡೆ ಕಟ್ಟಿಸುತ್ತಾರೆ, ಬೆಂಚು ಕೊಡುತ್ತಾರೆ. ಒಂದು ಸೂರು ತೋರಿಸಿದರೆ ಆರನೇ ಕ್ಲಾಸಿಗೆ, ಮುಂದೆ ಎಂಟರವರೆಗೂ, ಅಪ್ಪಣೆ ತರುವುದು ನನ್ನ ಕೆಲಸ." ಅವರು ಸ್ವಲ್ಪ ತಡೆದು ಹೇಳಿದರು, "ಆರನೇ ಕ್ಲಾಸಿಗೆ ಪಾಠ ಹೇಳುವ ತರಬೇತಿ ಇಲ್ಲಿ ನಿಮಗೊಬ್ಬರಿಗೇ ಇರುವುದು. ನೀವು ಹೋದ ಮೇಲೆ ಅಂಥ ಇನ್ನೊಬ್ಬರನ್ನು ಕಳಿಸಲು ನೋಡುತ್ತೇನೆ. ಖಂಡಿತ ಅಂತ ಹೇಳಲಾರೆ."

ಜಾಗವೊಂದನ್ನು ಕೊಡಿಸಿ ಹೊರಟರೆ ತನ್ನ ಪಾಲಿನದು ಮಾಡಿದ ಹಾಗಾಯಿತು ಎಂದುಕೊಂಡಳು ಭಾಮಾ. ಕೈತೊಳೆದುಕೊಂಡು, ಸೆರಗು ತಲೆಗೆಳೆದುಕೊಂಡು, ಬಿಸಿಲಿನಲ್ಲೇ ನೇಕಾರರ ಬೀದಿಗೆ ಹೊರಟಳು.

ಬೀದಿಯಲ್ಲಿ ದೊಡ್ಡ ಸೂರು ಅಂದರೆ ಮುದುಕಿ ಸಾಮಿಯಾತಾಳ್ ಮನೆಯದು. ಉದ್ದನೆಯ ಪಡಸಾಲೆ, ನೆಲದಲ್ಲಿ ಸಾಲಾಗಿ ಗುಳಿ ತೋಡಿ ಕೂರಿಸಿದ ಮಗ್ಗಗಳು. ನೇಯುವವರು ಗುಳಿಯೊಳಗೆ ಕಾಲು ಇಳಿಬಿಟ್ಟು ಮೆಟ್ಟುಗೋಲು ತುಳಿಯುತ್ತಿದ್ದರು. ತುದಿಯ ಎರಡು ಮಗ್ಗಗಳು ಮಾತ್ರ ಸುಮ್ಮನಿದ್ದವು. ಒಂದು ಸಾಮಿಯಾತಾಳ್ ಗಂಡನದು. ಅವನು ತೀರಿಕೊಂಡು ಬಹಳ ಕಾಲವಾಗಿತ್ತು. ಇನ್ನೊಂದು ಕಿರಿಯ ಮಗ ಮೈಲ್‌ಸಾಮಿಯದು. ಅವನು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಮದುವೆಯಾಗಿ ಉಳಿದುಬಿಟ್ಟಿದ್ದ. ಆ ಮಗ್ಗದಲ್ಲಿ ಮುದುಕಿ ಯಾರನ್ನೂ ಕೂರಲು ಬಿಡದೆ, ದಿನಾ ಅದರ ಧೂಳು ಹೊಡೆಯುತ್ತಾಳೆ ಎಂದು ಬೀದಿಯೆಲ್ಲ ಹೇಳುತ್ತಿತ್ತು.

ಭಾಮಾಗೆ ಈ ಮನೆಯ ಮೆಟ್ಟಿಲು ಹತ್ತುವುದು ಸುಲಭವಿರಲಿಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಸೀರೆಗಳಿಗೆ ಅವಸರವೆಂದು ಮುದುಕಿ ಶಾಲೆಗೇ ಬಂದು ಹುಡುಗಿಯರನ್ನು ನೂಲು ಸುತ್ತಲು ಎಬ್ಬಿಸಿಕೊಂಡು ಹೋದಾಗ ಇಬ್ಬರಿಗೂ ಜೋರು ಮಾತಾಗಿತ್ತು. ಆಮೇಲೆ ಎದುರು ಸಿಕ್ಕರೂ ಮುಖ ನೋಡುತ್ತಿರಲಿಲ್ಲ.

"ವಾ ಅಮ್ಮಣಿ, ಬಾ," ಎಂದಳು ಸಾಮಿಯಾತಾಳ್, ಏನೂ ಆಗದವಳಂತೆ. "ಈ ಸುಡೋ ವೆಯಿಲಲ್ಲಿ ಏನು ಇಷ್ಟು ದೂರ? ಮೊದ್ಲು ಕೂತ್ಕೊ. ಮೋರು ಕುಡಿ."

ಭಾಮಾ ಮಜ್ಜಿಗೆ ಕುಡಿದು, ಪಡಸಾಲೆಯ ಆ ತುದಿಯನ್ನು ಆರನೇ ಕ್ಲಾಸಿಗೆ ಕೊಡಬೇಕೆಂದು ಕೇಳಿದಳು. ಪೀಳಮೇಡಿನಲ್ಲಿ ಅವಳ ಮನೆಯವರು ಆಡುವ ಕನ್ನಡ ಬೇರೆ, ಈ ಬೀದಿಯ ಕನ್ನಡ ಬೇರೆ. ಆದರೂ ಊರಿಗೆ ಬಂದ ಮೊದಲ ದಿನ ಕಿವಿಗೆ ಬಿದ್ದಾಗ ಅದು ಅವಳಿಗೆ ದೊಡ್ಡ ಸಮಾಧಾನ ಕೊಟ್ಟಿತ್ತು. ಶಾಲೆಯೆಲ್ಲ ತಮಿಳಿನಲ್ಲಿ ನಡೆದರೂ ತಾಯಂದಿರ ಜೊತೆ ಅವಳು ಕನ್ನಡದಲ್ಲೇ ಮಾತಾಡುತ್ತಿದ್ದಳು.

ಮುದುಕಿ ತುದಿಯ ಮಗ್ಗಗಳ ಕಡೆ ನೋಡಿದಳು. "ಜಾಗ ಕೊಟ್ರೆ ಪಾಠ ಹೇಳೋದ್ ಯಾರು?"

"ಬೋರ್ಡಿಂದ ಟೀಚರ್ ಬರ್ತಾರೆ ಅವ್ವಾ."

"ಯಾರೋ ಬರೋದ್ ಕೇಳಿಲ್ಲೆ ನಾನು. ನೀನು ಇರ್ತೀಯಾ?"

ಸುಳ್ಳು ಹೇಳಬಹುದಿತ್ತು. ಜೂನ್ ಬರುವಷ್ಟರಲ್ಲಿ ಅಪ್ಪಣೆ ಬಂದಿರುತ್ತಿತ್ತು, ಇವಳು ಹೋಗಿರುತ್ತಿದ್ದಳು. ಭಾಮಾ ಖಾಲಿ ಲೋಟವನ್ನು ಕೆಳಗಿಟ್ಟಳು. "ಪೀಳಮೇಡಿಗೆ ವರ್ಗ ಆಗಿದೆ ಅವ್ವಾ. ನಾನೇ ಕೇಳ್ಕೊಂಡಿದ್ದೆ."

ಸಾಮಿಯಾತಾಳ್ ಸಿಟ್ಟಾಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ನಿಧಾನವಾಗಿ ಹೇಳಿದಳು: "ನಮ್ಮ ಮೈಲ್‌ಸಾಮಿನೂ ಪೊಂಗಲ್‌ಗೆ ಬಂದ್ಬಿಡ್ತೀನಿ ಅಂತ ಹೋದ. ಅವನು ಕೂತಿದ್ದ ಗುಳಿನಾದ್ರೂ ಇದೆ, ನೋಡ್ಕೊಂಡಿದೀನಿ. ಅದನ್ನೂ ಮುಚ್ಚಿ, ಆಮೇಲೆ ಪಳ್ಳಿಕೂಡದ ಪಾಠಾನೂ ನಡೀಲಿಲ್ಲೆ ಅಂದ್ರೆ, ಆ ಬರೀ ನೆಲ ಇಟ್ಕೊಂಡು ನಾನೇನ್ ಮಾಡ್ಲಿ? ನೀನೇ ಹೇಳು ಅಮ್ಮಣಿ."

ಭಾಮಾ ಎದ್ದು ಬಂದಳು. ದಾರಿಯುದ್ದಕ್ಕೂ ಮುದುಕಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಮಗನ ಮೇಲಿನ ಕೋಪವನ್ನು ಊರ ಮಕ್ಕಳ ಮೇಲೆ ತೀರಿಸುತ್ತಾಳೆ ಎಂದುಕೊಂಡಳು. ಕೋಣೆಗೆ ಬಂದು ಟ್ರಂಕು ತೆರೆದು, ಬಟ್ಟೆ ತುಂಬಲು ಶುರುಮಾಡಿದಳು. ನಾಲ್ಕು ಸೀರೆ ಮಡಿಸುವಷ್ಟರಲ್ಲಿ ಆ ಸಿಟ್ಟೂ ಉಳಿಯಲಿಲ್ಲ.

ಮರುದಿನ ಬಿಸಿಲು ಇಳಿದ ಮೇಲೆ ಬೇವಿನ ಮರದಡಿ ಜನ ಸೇರಿದರು. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಇನ್ಸ್‌ಪೆಕ್ಟರಿಗೆ ಕುರ್ಚಿ, ಅದರ ಮೇಲೊಂದು ಹೊಸ ಟವೆಲು. ಕೋಲಾಟ ಮುಗಿಯಿತು, ಹಾಡು ಮುಗಿಯಿತು. ಶಾಲೆ ಬಿಡುತ್ತಿರುವ ಐದನೇ ಕ್ಲಾಸಿನವರು ಒಬ್ಬೊಬ್ಬರಾಗಿ ಬಂದು, ಈ ವರ್ಷ ತಾವು ಕಲಿತದ್ದರಲ್ಲಿ ಒಂದನ್ನು ಹೇಳಬೇಕೆಂದು ಭಾಮಾ ಗೊತ್ತುಮಾಡಿದ್ದಳು. ಒಬ್ಬಳು ಬಡ್ಡಿ ಲೆಕ್ಕ ಅಂದಳು. ಇನ್ನೊಬ್ಬಳು ಹೊಲಿಗೆ ಅಂದಳು. ಮತ್ತೊಬ್ಬಳು ಮರೆತು ಅಳತೊಡಗಿದಳು. ಅವಳಿಗೂ ಜನ ಚಪ್ಪಾಳೆ ತಟ್ಟಿದರು.

ನೇಕಾರ ನಂಜುಂಡನ್ ಮಗಳು ತಂಗಮಣಿ ಕೊನೆಗೆ ಬಂದಳು. ಕಪ್ಪಗೆ, ಸಣ್ಣಗೆ, ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ. ಸೋಮವಾರದಿಂದ ಅವಳು ಸಾಮಿಯಾತಾಳ್ ಮನೆಯಲ್ಲಿ ನೂಲು ಸುತ್ತುವುದೆಂದು ನಿಶ್ಚಯವಾಗಿತ್ತು.

"ನಮ್ಮ ಹೊಳೆ ಎಲ್ಲಿಂದ ಬರುತ್ತದೆ ಅಂತ ಕಲಿತೆ," ಎಂದಳು ತಂಗಮಣಿ, ಶಾಲೆಯ ತಮಿಳಿನಲ್ಲಿ. "ಅದು ನೀಲಗಿರಿಯಿಂದ ಬರುತ್ತದೆ. ನಮ್ಮೂರಿನ ಸ್ನಾನದ ಮೆಟ್ಟಿಲ ಹತ್ತಿರ ಬಂದು, ಹೊಸ ಅಣೆಕಟ್ಟೆಗೆ ಹೋಗುತ್ತದೆ." ಅಲ್ಲಿಗೆ ನಿಂತು ಟೀಚರ್ ಕಡೆ ನೋಡಿದಳು. "ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲ. ಅದು ಆರನೇ ಕ್ಲಾಸಿನ ಪಾಠ ಅಂದರು ಟೀಚರ್."

ಗಂಡಸರ ಕಡೆಯಿಂದ ನಗು ಕೇಳಿಸಿತು. ಇನ್ಸ್‌ಪೆಕ್ಟರೂ ನಕ್ಕರು. ತಂಗಮಣಿ ಯಾಕೆ ನಗುತ್ತಾರೆಂದು ತಿಳಿಯದೆ ಸುತ್ತ ನೋಡಿ, ಕೈಮುಗಿದು, ಹೋಗಿ ತನ್ನ ಜಾಗದಲ್ಲಿ ಕೂತಳು.

ಭಾಮಾ ವರದಿ ಓದಲು ಎದ್ದಳು. ಹಾಜರಿ, ತಪಾಸಣೆ, ತೋಟದಲ್ಲಿ ಬೆಳೆದ ಬದನೆಕಾಯಿ, ಊರವರು ಕೊಟ್ಟ ಗಡಿಯಾರ ಎಲ್ಲವನ್ನೂ ತಮಿಳಿನಲ್ಲಿ ಓದಿದಳು. ಕೊನೆಯಲ್ಲಿ ತನ್ನ ವರ್ಗಾವಣೆಯ ಮಾತು ಹೇಳಿ ಎಲ್ಲರಿಗೂ ವಂದನೆ ಸಲ್ಲಿಸಬೇಕಿತ್ತು. ಅವಳು ಕಾಗದದಿಂದ ತಲೆಯೆತ್ತಿದಳು. ಹೆಂಗಸರ ಸಾಲಿನ ತುದಿಯಲ್ಲಿ ಸಾಮಿಯಾತಾಳ್ ಎಲೆ ಜಗಿಯುತ್ತ ಅವಳನ್ನೇ ನೋಡುತ್ತಿದ್ದಳು. ಭಾಮಾಗೆ ಅಮ್ಮನ ನೆನಪಾಯಿತು. ಮಗಳು ಬರುತ್ತಾಳೆಂದು ಅಮ್ಮ ಒಳಕೋಣೆ ಖಾಲಿ ಮಾಡಿಸಿಟ್ಟು ಎಷ್ಟೋ ತಿಂಗಳಾಗಿತ್ತು. ಆದರೆ ಬಾಯಿಗೆ ಬಂದ ಮಾತು ಬೇರೆಯಾಗಿತ್ತು, ಬಂದದ್ದೂ ಕನ್ನಡದಲ್ಲಿ.

"ಅವ್ವಾ, ನೀವು ನಿನ್ನೆ ಕೇಳಿದ್ರಲ್ಲ. ಜೂನ್‌ನಲ್ಲಿ ನಾನು ಇಲ್ಲೇ ಇರ್ತೀನಿ. ಈ ಮಕ್ಕಳು ಎಂಟನೇ ಕ್ಲಾಸು ಮುಗಿಸೋವರೆಗೂ ಇರ್ತೀನಿ."

ಸಭೆಯಲ್ಲಿ, ಅದೂ ಅಧಿಕಾರಿಯ ಎದುರಿಗೆ, ಮನೆಮಾತು ಕೇಳಿದ್ದು ಆ ಜನಕ್ಕೆ ಅದೇ ಮೊದಲು. ಸಾಮಿಯಾತಾಳ್ ಮಂಡಿಯ ಮೇಲೆ ಕೈಯೂರಿ ಎದ್ದು, ಮನೆಯ ಕಡೆ ನಡೆದಳು.

ಇನ್ಸ್‌ಪೆಕ್ಟರು ಕುರ್ಚಿಯಿಂದ ಬಗ್ಗಿ ಕೇಳಿದರು, "ಏನು ಹೇಳಿದಿರಿ ಟೀಚರ್?"

"ಪೀಳಮೇಡು ಬೇಡ ಅಂದೆ ಸಾರ್."

ಅವರು ಅವಳನ್ನೊಮ್ಮೆ, ಜನವನ್ನೊಮ್ಮೆ ನೋಡಿದರು. "ನಾಳೆಯೇ ಒಂದು ಅರ್ಜಿ ಬರೆದುಕೊಡಿ. ವರ್ಗಾವಣೆ ನಿಲ್ಲಿಸುವುದೇನೂ ಕಷ್ಟವಲ್ಲ. ಆ ಜಾಗಕ್ಕೆ ಬೇಕಾದಷ್ಟು ಜನ ಕಾಯುತ್ತಿದ್ದಾರೆ." ಮತ್ತೆ ತಗ್ಗಿದ ದನಿಯಲ್ಲಿ, "ಆದರೆ ಸೂರು?" ಎಂದರು.

ಉತ್ತರ ಬೆಳಿಗ್ಗೆ ಸಿಕ್ಕಿತು. ಅರ್ಜಿ ಬರೆಯಲು ಕೂತಿದ್ದ ಭಾಮಾಗೆ ಬೀದಿಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ಹೋಗಿ ನೋಡಿದರೆ ಸಾಮಿಯಾತಾಳ್ ಹಿರಿಮಗನೂ ನಂಜುಂಡನೂ ತುದಿಯ ಮಗ್ಗದ ಬೆಣೆ ಬಿಡಿಸುತ್ತಿದ್ದರು. ಮುದುಕಿ ಪಕ್ಕದಲ್ಲಿ ಕೂತು, ಬಿಚ್ಚಿದ ಒಂದೊಂದು ಮರವನ್ನೂ ಸೆರಗಿನಿಂದ ಒರೆಸಿ ಸೊಸೆಯ ಕೈಗೆ ಕೊಡುತ್ತಿದ್ದಳು. ಸೊಸೆ ಅವನ್ನು ಅಟ್ಟದ ಮೇಲೆ ಇಡುತ್ತಿದ್ದಳು.

"ತಂಗಮಣಿ ಇಲ್ಲೆ ಅಂದ್ರೆ ನನ್ಗೆ ನೂಲು ಸುತ್ತೋರ್ ಯಾರು?" ಎಂದಳು ಸಾಮಿಯಾತಾಳ್, ತಲೆಯೆತ್ತದೆ. "ಅದನ್ನೂ ನೀನೇ ಹೇಳು."

"ಸಂಜೆ ಪಳ್ಳಿಕೂಡ ಬಿಟ್ಮೇಲೆ ಅವಳು ಬರ್ಲಿ ಅವ್ವಾ. ನನಗೂ ಸುತ್ತೋದ್ ಕಲಿಸಿ. ಸಂಜೆ ನಂಗೇನ್ ಕೆಲಸ?"

ಮುದುಕಿ ಅವಳ ಬೆರಳುಗಳನ್ನು ನೋಡಿದಳು. "ನಿನ್ ಕೈಗೆ ಕೊಟ್ರೆ ನೂಲೆಲ್ಲ ಸಿಕ್ಕಾಗೋಗ್ತದೆ," ಎಂದಳು. ಆದರೂ ಮುಖದಲ್ಲಿ ನಗುವಿತ್ತು.

ರಜೆಗೆ ಪೀಳಮೇಡಿಗೆ ಹೋದಾಗ ವ್ಯಾಸರಾಯ ತಂಗಿಗೆ ಬುದ್ಧಿಯಿಲ್ಲವೆಂದು ಎರಡು ಹೊತ್ತಿನ ಊಟದಲ್ಲೂ ಹೇಳಿದ. ಅಂಬುಜಮ್ಮ ಮಾತು ಬಿಟ್ಟಳು. ಮಗಳು ಹೊರಡುವ ದಿನ ಮಾತ್ರ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಗೆ ಬಟ್ಟೆ ಕಟ್ಟುತ್ತ ಕೇಳಿದಳು, "ಆ ಊರಿಗೆ ಬಸ್ ಎಷ್ಟೊತ್ತಿಗಿದೆ?"

"ಯಾಕಮ್ಮ?"

"ನವರಾತ್ರಿಗೆ ಬಂದು ನಾಲ್ಕು ದಿನ ಇದ್ದು ಹೋಗ್ತೀನಿ. ನೀನು ಅಲ್ಲಿ ಏನು ಬೇಯಿಸ್ಕೊಂಡು ತಿಂತಿದೀಯೋ ನೋಡ್ಬೇಕು."

ಶಾಲೆ ತೆರೆಯುವುದಕ್ಕೆ ಮೊದಲೇ ಭಾಮಾ ಇಲುಪ್ಪಪಾಳಯಂನಲ್ಲಿ ಬಸ್ಸಿಳಿದಳು. ಅಪ್ಪಣೆ ಬಂದಿದೆಯೆಂದು ಇನ್ಸ್‌ಪೆಕ್ಟರು ಹೇಳಿಕಳಿಸಿದ್ದರು. ಕೈಚೀಲವನ್ನೂ ಜಾಡಿಯನ್ನೂ ಹಿಡಿದುಕೊಂಡೇ ನೇರ ಸಾಮಿಯಾತಾಳ್ ಮನೆಗೆ ಬಂದಳು. ಪಡಸಾಲೆಯ ತುದಿಗೆ ತಟ್ಟಿಯ ಗೋಡೆ ಎದ್ದಿತ್ತು. ಅದರಾಚೆ ಉಳಿದ ಮಗ್ಗಗಳು ಸದ್ದು ಮಾಡುತ್ತಿದ್ದವು. ಈಚೆ ಎರಡು ಗುಳಿಗಳನ್ನೂ ಮಣ್ಣು ತುಂಬಿ ಮುಚ್ಚಿ, ಇಡೀ ನೆಲವನ್ನು ಆಗತಾನೆ ಸಗಣಿಯಿಂದ ಸಾರಿಸಿದ್ದರು. ತಂಗಮಣಿಯೂ ಉಳಿದ ಹುಡುಗಿಯರೂ ಬಾವಿಕಟ್ಟೆಯಲ್ಲಿ ಮೊಣಕೈವರೆಗೆ ಕೈ ತೊಳೆದುಕೊಳ್ಳುತ್ತಿದ್ದರು.

ಸಾಮಿಯಾತಾಳ್ ಬಾಗಿಲಿಗೆ ಅಡ್ಡವಾಗಿ ಕೂತು, ಕೋಲು ಹಿಡಿದು ಕೋಳಿಗಳನ್ನು ಓಡಿಸುತ್ತಿದ್ದಳು. ಭಾಮಾ ಹೊಸ್ತಿಲಿಗೆ ಬರುತ್ತಲೇ ಆ ಕೋಲನ್ನು ಅವಳಿಗೂ ಅಡ್ಡ ಹಿಡಿದಳು.

"ಒಣಗೋವರ್ಗೂ ಯಾರೂ ಕಾಲಿಡ್ಬಾರ್ದು. ಟೀಚರಮ್ಮ ಆದ್ರೂ ಸರಿ."

ಭಾಮಾ ಜಾಡಿಯನ್ನು ಜಗಲಿಯ ಮೇಲಿಟ್ಟು ಅವಳ ಪಕ್ಕದಲ್ಲಿ ಕೂತಳು. ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿತ್ತು. ನೆಲ ಬಾಗಿಲ ಕಡೆಯಿಂದ ಬೆಳ್ಳಗಾಗುತ್ತ ಬರುತ್ತಿತ್ತು. ಗುಳಿಗಳಿದ್ದ ಎರಡು ಕಡೆ ಮಾತ್ರ ಇನ್ನೂ ಕಪ್ಪಗೆ, ಹಸಿಹಸಿಯಾಗಿತ್ತು. ಇಬ್ಬರೂ ಅದು ಅಂಚಿನಿಂದ ಒಳಗೊಳಗೆ ಒಣಗುವುದನ್ನು ನೋಡುತ್ತ ಕೂತರು.