ನಾನು ತುಂಬಿದ್ದಕ್ಕಿಂತ ಅದು ನುಂಗಿದ್ದೇ ಹೆಚ್ಚು

ನಾನೊಂದು ಕಂಪ್ರೆಸರ್. ಹೊರಗಿನ ಗಾಳಿಯನ್ನು ಒಳಗೆಳೆದು, ಹೊಟ್ಟೆಯಂಥ ಟ್ಯಾಂಕಿನಲ್ಲಿ ಒತ್ತಿ ತುಂಬಿಟ್ಟು, ಕೇಳಿದವರಿಗೆ ಕೊಡುವುದು ನನ್ನ ಕೆಲಸ. ಕೊಯಮತ್ತೂರಿನ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ನೀಲಿ ಬಣ್ಣ ಬಳಿದು, ಎರಡು ಗಾಲಿ ಕೊಟ್ಟು ಲಾರಿ ಹತ್ತಿಸಿದರು. ನನ್ನ ಗುಡುಗುಡು ಸದ್ದಿನ ಬಗ್ಗೆ ದೂರುವವರು ಬಹಳ. ಸದ್ದಿಲ್ಲದೆ ಇಷ್ಟು ದುಡಿಯುವವರಿದ್ದರೆ ತೋರಿಸಲಿ.

ಮೊದಲು ಹುಬ್ಬಳ್ಳಿಯ ಪಂಕ್ಚರ್ ಅಂಗಡಿಯೊಂದರಲ್ಲಿದ್ದೆ. ಟಯರಿಗೆ ಗಾಳಿ ಬೇಕಾದದ್ದು ಒಂದು ಗಳಿಗೆ. ಆಮೇಲೆ ಹಾಯಾಗಿ ಸುಧಾರಿಸಿಕೊಳ್ಳುತ್ತಿದ್ದೆ. ಅಂಗಡಿ ಮುಚ್ಚಿದಾಗ ಫಕ್ಕೀರಪ್ಪ ನನ್ನನ್ನು ಕೊಂಡರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಅವರು ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿ ಬಡಗಿ ಕೆಲಸ ಹಚ್ಚಿಕೊಂಡಿದ್ದರು. ಮಗಳು ಗಿರಿಜಾ ಬಾಣಂತಿಯಾಗಿ ತವರಲ್ಲಿದ್ದಳು. ನಾಮಕರಣದ ದಿನ ಮೊಮ್ಮಗಳನ್ನು ತಾವೇ ಮಾಡಿದ ತೊಟ್ಟಿಲಿಗೆ ಹಾಕಬೇಕೆಂಬುದು ಅವರ ಹಟ.

ತೊಟ್ಟಿಲು ಎದ್ದು ನಿಂತಿತು. ಆದರೆ ಕಟ್ಟಿಗೆ ಇನ್ನೂ ಒರಟು. ಸಿಬಿರು ಎದ್ದರೆ ಎಳೆ ಮೈಗೆ ಚುಚ್ಚೀತು. ಫಕ್ಕೀರಪ್ಪನವರ ಭುಜ ಹಿಡಿದಿತ್ತು, ಕೈಯಿಂದ ಉಜ್ಜಲಾಗದು. ಅದಕ್ಕೇ ಗಾಳಿಯಿಂದ ತಿರುಗಿ ಕಟ್ಟಿಗೆ ಉಜ್ಜುವ ಸ್ಯಾಂಡರ್ ತಂದು ನನಗೆ ಜೋಡಿಸಿದರು. ಅಂಗೈಯಗಲದ ಯಂತ್ರ, ಹಸಿವು ಮಾತ್ರ ರಾಕ್ಷಸನದು. ಮೊಳೆ ಹೊಡೆಯುವ ಗನ್ನು ಒಂದು ಗುಟುಕು ಕುಡಿದು ಸುಮ್ಮನಾಗುತ್ತದೆ. ಇದು ತಿರುಗುವಷ್ಟು ಹೊತ್ತೂ ಕುಡಿಯುತ್ತಲೇ ಇರುತ್ತದೆ. ನೋಡನೋಡುತ್ತ ನನ್ನ ಟ್ಯಾಂಕು ಬರಿದಾಯಿತು, ಸ್ಯಾಂಡರ್ ತೂಕಡಿಸಿತು. ಫಕ್ಕೀರಪ್ಪ ಒತ್ತಡದ ತಿರುಪು ಏರಿಸಿದರು. ಒತ್ತಡ ಏರಿದಂತೆ ಅದು ಇನ್ನಷ್ಟು ನುಂಗಿತು. ಬಿಡುವಿಲ್ಲದೆ ಓಡಿ ನನ್ನ ಮೋಟಾರು ಕಾದು, ಕೊನೆಗೆ ನಿಂತೇಹೋಯಿತು.

“ಎಲ್ಲೋ ಗಾಳಿ ಸೋರಾಕತ್ತೈತಿ” ಎಂದು ಅವರು ಪೈಪಿಗೆಲ್ಲ ಸಾಬೂನಿನ ನೀರು ಹಚ್ಚಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. “ಹಳೇ ಮಾಲು. ನಾಳೆ ಗುಜರಿಗೆ ಹಾಕ್ತೀನಿ” ಎಂದರು. ನನಗೆ ಅಳು ಬರುವುದೊಂದು ಬಾಕಿ. ತಪ್ಪು ನನ್ನದಾಗಿರಲಿಲ್ಲ.

ಅಂದು ಮಧ್ಯಾಹ್ನ ಕೂಸನ್ನು ನೋಡಲು ಬೀಗರು ಬಂದಿದ್ದರು. ಶೆಡ್ಡಿನ ಮಗ್ಗುಲಿಗೇ ಒಲೆ. ಫಕ್ಕೀರಪ್ಪನವರ ಹೆಂಡತಿ ನೀಲವ್ವ ಅಲ್ಲಿ ರೊಟ್ಟಿ ಬಡಿಯುತ್ತಿದ್ದರು. ಬಡಿದದ್ದು ಬಡಿದಂತೆ ಖಾಲಿ.

“ಬೆಂಕಿ ಜೋರ ಮಾಡು” ಎಂದರು ಊಟಕ್ಕೆ ಕೂತ ಫಕ್ಕೀರಪ್ಪ.

“ಜೋರ ಮಾಡಿದ್ರ ರೊಟ್ಟಿ ಹೊತ್ತತಾವ್ರಿ. ನನಗಿರೂದು ಒಂದ ಹಂಚು. ಒಂದೀಟು ತಡೀರಿ, ಬುಟ್ಟಿ ತುಂಬಲಿ.”

ಫಕ್ಕೀರಪ್ಪ ತುತ್ತನ್ನು ಕೈಯಲ್ಲೇ ಹಿಡಿದು ನನ್ನತ್ತ ನೋಡಿದರು. ಕೈ ತೊಳೆದವರೇ ಬಂದು ತಿರುಪು ಇಳಿಸಿದರು. ಟ್ಯಾಂಕು ತುಂಬುವವರೆಗೆ ಕಾದು, ತೊಟ್ಟಿಲಿನ ಒಂದು ಪಟ್ಟಿ ಉಜ್ಜಿ, ಮತ್ತೆ ಕಾದರು. ಕೆಲಸ ನಿಧಾನವಾಯಿತು, ನಿಲ್ಲಲಿಲ್ಲ. ನಾಮಕರಣದ ದಿನ ನೀಲವ್ವ ತೊಟ್ಟಿಲಿನ ಒಳಗೆಲ್ಲ ಕೆನ್ನೆ ಒತ್ತಿ ನೋಡಿ, ಆಮೇಲೆ ಕೂಸನ್ನು ಮಲಗಿಸಿದರು. ಶಿವಲೀಲಾ ಎಂದು ಹೆಸರಿಟ್ಟರು. ಗುಜರಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬಣ್ಣ ಉದುರಿದೆ, ಒಂದು ಗಾಲಿ ತಿರುಗುವುದಿಲ್ಲ. ಶೆಡ್ಡಿನ ಮೂಲೆಯೇ ನನ್ನ ಜಾಗ. ರಜೆಗೆ ಬಂದಾಗ ಶಿವಲೀಲಾ ಸೈಕಲ್ಲಿಗೆ ಗಾಳಿ ಕೇಳುತ್ತಾಳೆ. ಅವಸರ ಮಾಡಿದರೆ, “ತಡಿ, ಟ್ಯಾಂಕು ತುಂಬಲಿ” ಎನ್ನುವುದು ಅಜ್ಜನ ಮಾಮೂಲಿ ಮಾತು.

ಮೊನ್ನೆ ಫಕ್ಕೀರಪ್ಪ ಅವಳ ಸೈಕಲ್ಲು ತಳ್ಳಿಕೊಂಡು ಬರುವಷ್ಟರಲ್ಲೇ ಏದುಸಿರು ಬಿಟ್ಟು ನಿಂತರು. ಆದರೂ ನನ್ನ ಸ್ವಿಚ್ಚಿನತ್ತ ಕೈ ಚಾಚಿದರು. ಶಿವಲೀಲಾ ಆ ಕೈ ಹಿಡಿದು ಅವರನ್ನು ಸ್ಟೂಲಿನ ಮೇಲೆ ಕೂರಿಸಿದಳು.

“ತಡಿ ಅಜ್ಜಾ. ಮೊದಲ ನಿನ್ನ ಟ್ಯಾಂಕು ತುಂಬಲಿ.”

ಫಕ್ಕೀರಪ್ಪ ಕೂತರು. ನನಗಾಗಿ ಎಷ್ಟೋ ಸಲ ಕಾದವರು. ಅವರಿಗಾಗಿ ನಾನೂ ಕಾದೆ.