ಮೊದಲ ಏಟು

"ಗಂಡನ್ನ ನುಂಗ್ಕೊಂಡೋಳೆ, ಇನ್ನೂ ಎಷ್ಟು ದಿನ ಮುಸುಕಾಕ್ಕೊಂಡು ಮಲೀಕತೀಯ? ಏಳೇ ಮ್ಯಾಕೆ, ಮುಂಡೆ!"

ಕ್ವಾರಿ ಮಾಲೀಕ ನಂಜಪ್ಪ ಮಾರಕ್ಕನ ತಗಡಿನ ಶೆಡ್ಡಿನ ಮುಂದೆ ನಿಂತು ಕೂಗುತ್ತಿದ್ದ. ಬೆಳಿಗ್ಗೆ ಎಂಟು ಗಂಟೆ. ನಾವೆಲ್ಲ ನೀರಿನ ಟ್ಯಾಂಕರಿಗೆ ಕೊಡ ಹಿಡಿದು ಸಾಲು ನಿಂತಿದ್ದೆವು. ಎಲ್ಲರೂ ತಂತಮ್ಮ ಕೊಡದೊಳಗೆ ಇಣುಕತೊಡಗಿದೆವು. ಅಂಥ ಗಂಡಸರು ನಾವು.

ಮೂರು ವರ್ಷದ ಹಿಂದೆ ಕನಕಪುರದ ಕಡೆಯ ಈ ಗುಡ್ಡದಲ್ಲಿ ಕುರಿ ಮೇಯುತ್ತಿದ್ದವು. ಈಗ ನೂರಿಪ್ಪತ್ತು ಶೆಡ್ಡು, ಎರಡು ಬಾರು, ಒಂದು ಕೋಳಿ ಅಂಗಡಿ, ಮೊಬೈಲ್ ರಿಪೇರಿಯ ಒಂದು ಗೂಡಂಗಡಿ. ಆಸ್ಪತ್ರೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಬಂದಿದೆ. ಅನ್ನ ಕಲಸಿದರೂ ಕಲ್ಲಿನ ಧೂಳು ಹಲ್ಲಿಗೆ ಸಿಗುತ್ತದೆ.

ಒಂಬತ್ತು ದಿನದ ಹಿಂದೆ ಮಾರಕ್ಕನ ಗಂಡ ಹನುಮಂತಯ್ಯ ಕೆಳಗಿನ ಗುಂಡಿಯಲ್ಲಿ ಬಂಡೆ ಉರುಳಿ ಸತ್ತ. ನಮ್ಮ ಕಣ್ಣೆದುರೇ ಸತ್ತ. ನಂಜಪ್ಪ ಹೆಣವನ್ನು ಟಿಪ್ಪರಿಗೆ ಹಾಕಿಸಿ ಶೆಡ್ಡಿಗೆ ತಂದು ಮಲಗಿಸಿದ. ಕುಡಿದು ಮನೆಯಲ್ಲಿ ಬಿದ್ದು ಸತ್ತ ಎಂದು ಕಾಗದ ಮಾಡಿಸಿದ. ಹನುಮಂತಯ್ಯ ಬೀಡಿಯನ್ನೂ ಮುಟ್ಟಿದವನಲ್ಲ.

ಕಲ್ಲು ಒಡೆಯುವ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಆಳು ಸತ್ತ ಬಂಡೆಗೆ ಅವನ ಹೆಂಡತಿಯೋ ತಾಯಿಯೋ ಬಂದು ಮೊದಲ ಏಟು ಹಾಕಬೇಕು. ಅಲ್ಲಿಯ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟಿದವನನ್ನು ಬಂಡೆ ಬಲಿ ತೆಗೆದುಕೊಳ್ಳುತ್ತದೆ. ಹಿಟಾಚಿ ಓಡಿಸುವ ಸಮೀವುಲ್ಲಾ ಕೂಡ "ನನ್ ಕೈಲಾಗಲ್ಲ ಅಣ್ಣ, ನಂಗೂ ಹೆಂಡ್ತಿ ಅವ್ಳೆ" ಎಂದು ಕೀಲಿ ವಾಪಸು ಕೊಟ್ಟಿದ್ದ. ನಂಜಪ್ಪನಿಗೂ ಅದರ ಭಯವಿತ್ತು. ಇಲ್ಲದಿದ್ದರೆ ಕೂಲಿ ಹೆಂಗಸಿನ ಬಾಗಿಲಿಗೆ ಬರುವ ಆಸಾಮಿಯೇ ಅವನು?

ಮಾರಕ್ಕ ಹೊರಗೆ ಬಂದಳು. ತಲೆ ಬಗ್ಗಿಸಿಕೊಂಡು ಗುಂಡಿಗೆ ಇಳಿದಳು. ನಾವೂ ಕೊಡ ಬಿಟ್ಟು ಹಿಂದೆ ಹೋದೆವು. ಬಂಡೆಯ ಮೇಲಿನ ರಕ್ತ ಒಣಗಿ ಕಪ್ಪಾಗಿತ್ತು. ನಂಜಪ್ಪ ಅವಳ ಕೈಗೆ ಸುತ್ತಿಗೆ ತುರುಕಿದ.

"ಹೂಂ, ಹಾಕು. ಬಿರ್ನೆ."

"ಹಾಕ್ತೀನಿ ಸಾಮಿ. ನನ್ ಗಂಡ ಇಲ್ಲೇ ಸತ್ತ ಅಂತ ಇವರ್ ಮುಂದೆ ಒಂದ್ ಮಾತು ಹೇಳ್ಬುಡಿ."

"ಏನೇ ಅಂದೆ? ಆ ಬೇವರ್ಸಿ ಸತ್ತಿದ್ದು ನಿನ್ ಶೆಡ್ಡಲ್ಲಿ. ಕಾಗದ ಐತೆ. ಈ ಗುಂಡೀಲಿ ಒಂದ್ ನೊಣಾನೂ ಸತ್ತಿಲ್ಲ, ತಿಳ್ಕೊ!"

ಮಾರಕ್ಕ ಅತ್ತೇ ಬಿಡುತ್ತಾಳೆ ಅಂದುಕೊಂಡೆವು. ಅವಳು ಸುತ್ತಿಗೆಯ ಹಿಡಿಯನ್ನು ಅವನ ಕಡೆಗೆ ಚಾಚಿದಳು.

"ಯಾರೂ ಸತ್ತಿಲ್ಲ ಅಂದ್ಮೇಲೆ ನಾನ್ಯಾಕ್ ಹೊಡೀಬೇಕು? ತಕ್ಕಳಿ, ನೀವೇ ಹಾಕಿ."

ನಂಜಪ್ಪ ನಗಲು ನೋಡಿದ. ಪಕ್ಕದಲ್ಲಿದ್ದ ಮೇಸ್ತ್ರಿಯ ಕಡೆ ತಿರುಗಿ, "ಲೇ ಲೋಕೇಶ, ಹಾಕ್ಲಾ ನೀನು" ಎಂದ. ಲೋಕೇಶ ಎರಡು ಹೆಜ್ಜೆ ಹಿಂದಕ್ಕೆ ಸರಿದು ನೆಲ ನೋಡತೊಡಗಿದ.

"ಅವನ್ಯಾಕೆ? ಕಲ್ಲು ನಿಮ್ದು, ಕಾಗದಾನೂ ನಿಮ್ದು" ಎಂದಳು ಮಾರಕ್ಕ.

ನಂಜಪ್ಪ ಸುತ್ತಿಗೆ ಕಿತ್ತುಕೊಂಡು ಎತ್ತಿದ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯಿತು. ಎತ್ತಿದ ಕೈ ಕೆಳಗೆ ಬರಲಿಲ್ಲ.

"ಹೊಡಿಯಪ್ಪೋ" ಎಂದಳು ಹಿಂದಿನಿಂದ ಜಲ್ಲಿ ಒಡೆಯುವ ಅಂಕಮ್ಮಜ್ಜಿ.

"ಹೊಡಿಲಾ!" ಎಂದೆ ನಾನು. ಆಮೇಲೆ ಗುಂಡಿಗೆ ಗುಂಡಿಯೇ ಕೂಗತೊಡಗಿತು.