ಬೈಕಿನ ಮೇಲಿನ ನನ್ನ ಹೆಸರು

ನಮ್ಮ ಯಜಮಾನರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಮದುವೆಯಾದಾಗಿನಿಂದ "ಏ, ಇಲ್ಲಿ ಬಾ", "ಕೇಳಿಲ್ಲೇನು", ಇಷ್ಟೇ. ನಾನೂ ಅವರ ಹೆಸರು ಹೇಳಿದವಳಲ್ಲ. ಆದರೆ ಹಡಗಲಿಯ ಅಂಗಡಿಗಳಿಗೆಲ್ಲ ಬೋರ್ಡು ಬರೆಯುತ್ತಿದ್ದ ಮನುಷ್ಯ, ಬೈಕು ಕೊಂಡ ದಿನ ಸೀಟಿನ ಕೆಳಗಿನ ಪ್ಲಾಸ್ಟಿಕ್ ಪ್ಯಾನಲ್ ಮೇಲೆ ಹಳದಿ ಬಣ್ಣದಲ್ಲಿ 'ತಿಪ್ಪೇರುದ್ರಮ್ಮ' ಎಂದು ಬರೆದೇಬಿಟ್ಟರು. ಓಣಿಯವರೆಲ್ಲ ನಕ್ಕರು. ನಾನು ನಾಚಿಕೊಂಡು ಎಷ್ಟೋ ದಿನ ಆ ಬೈಕು ಹತ್ತಲಿಲ್ಲ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಬೈಕು ಮಗ ಗುರುಬಸವರಾಜನ ಪಾಲಾಯಿತು. ಅವನು ಕಂಪನಿ ಸೈಲೆನ್ಸರ್ ಬಿಚ್ಚಿಸಿ, ಗುಡುಗುವಂಥದ್ದೊಂದನ್ನು ಹಾಕಿಸಿಕೊಂಡು ಬಂದ. ಸದ್ದು ಹಾಳಾಗಿ ಹೋಗಲಿ, ಅದರ ಕೊಳವೆ ಪ್ಯಾನಲ್‌ಗೆ ತಾಗಿದಂತೆಯೇ ಕೂತಿತ್ತು. ತಿಂಗಳೊಳಗೆ ನನ್ನ ಹೆಸರಿನ ಕೊನೆಯ ಅಕ್ಷರ ಬೊಬ್ಬೆ ಎದ್ದಿತು.

ಕಟ್ಟೆಯ ಮೇಲೆ ಕೂತ ಇವರು ಎಡಗೈ ಎತ್ತಿ ಎತ್ತಿ ಬೈಕು ತೋರಿಸಿದರು. ಕಣ್ಣಲ್ಲಿ ನೀರು.

"ಅಪ್ಪಗ ಬೈಕ್ ಮ್ಯಾಲೆ ಅಡ್ಡಾಡಬೇಕಂತ ಆಸಿ ಆಗೈತಿ," ಎಂದ ಮಗ.

"ಅಲ್ಲಲೇ, ಅದು ಸುಡಾಕ ಹತ್ತೈತಿ. ಹಳೇ ಸೈಲೆನ್ಸರ್ ಹಾಕ್ಸು."

"ಅದು ತೂತು ಬಿದ್ದಿತ್ತವ್ವಾ. ಪ್ಲಾಸ್ಟಿಕ್ಕಿಗೆ ಯಾಕಿಷ್ಟು ತಲಿ ಕೆಡಿಸ್ಕೋತಿ?"

"ನಿಮ್ಮಪ್ಪ ಬರದದ್ದಲೇ."

"ಅಪ್ಪ ಊರ ತುಂಬ ಬರದಾನ ಬಿಡು."

ಊರ ತುಂಬ ಈಗ ಫ್ಲೆಕ್ಸು, ಇವರು ಬರೆದ ಬೋರ್ಡು ಒಂದೂ ಉಳಿದಿಲ್ಲ. ಈ ಪೆದ್ದನ ಕಣ್ಣಿಗೆ ಅದು ಬಿದ್ದಿಲ್ಲ. ಇನ್ನು, ಆ ಹೆಸರು ನನಗೆ ಯಾಕೆ ಬೇಕೆಂದು ಹೆತ್ತ ಮಗನ ಮುಂದೆ ಹೇಗೆ ಹೇಳುವುದು?

ಸಂಜೆ ಅವನು ಬಂದ ಕೂಡಲೇ ಹಸಿ ಗೋಣಿತಟ್ಟು ಹಿಡಿದು ಓಡುತ್ತಿದ್ದೆ. ಬುಸ್ಸೆಂದು ಹಬೆ ಏಳುತ್ತಿತ್ತು. ಕೊನೆಗೆ ಎಣ್ಣೆಡಬ್ಬಿಯ ತಗಡು ಕತ್ತರಿಸಿ ಕೊಳವೆಗೂ ಪ್ಯಾನಲ್‌ಗೂ ನಡುವೆ ಸಿಕ್ಕಿಸಿದೆ. ಆ ತಗಡೇ ಕಾದು ಪ್ಯಾನಲ್‌ಗೆ ಒರಗಿ, ಇನ್ನೊಂದು ಅಕ್ಷರ ಕರಗಿತು. ಕೈಯಾರೆ ನಾನೇ ಸುಟ್ಟೆನಲ್ಲ ಎಂದು ಅಂಗಳದಲ್ಲೇ ಕೂತು ಅತ್ತುಬಿಟ್ಟೆ. ಮಗ ನೋಡಿದ. ಅವನಿಗೂ ಕರುಳು ಚುರುಕ್ ಎಂದಿರಬೇಕು.

ಮರುದಿನ ನಗುನಗುತ್ತಾ ಬಂದ. "ಇನ್ನ ಅಳಬ್ಯಾಡವ್ವಾ. ಸೈಲೆನ್ಸರ್‌ಗೆ ಬಿಸಿ ತಡಿಯೋ ಪಟ್ಟಿ ಸುತ್ತಿಸೀನಿ. ಪ್ಯಾನಲ್ಲೂ ಹೊಸಾದು ನೋಡು. ಇನ್ನ ಏನೂ ಸುಡಾಂಗಿಲ್ಲ."

"ಹಳೇದು?"

"ಕರಗಿದ್ದನ್ನ ಯಾವನು ಇಟ್ಕೋತಾನ? ಗ್ಯಾರೇಜಿನವ್ರು ಕಸದ ಜೋಡಿ ಬೆಂಕಿಗೆ ಹಾಕಿದ್ರು. ಮುಟ್ಟಿ ನೋಡು, ಹೆಂಗೈತಿ."

ಮುಟ್ಟಿದೆ. ಕರ್ರಗೆ ಹೊಳೆಯುತ್ತಿತ್ತು, ಬಿಸಿಯೇ ಇರಲಿಲ್ಲ. ಕಟ್ಟೆಯಿಂದ ಇವರು ನನ್ನನ್ನೇ ನೋಡುತ್ತಿದ್ದರು. ಆ ಮುಖ ನೋಡುವ ಧೈರ್ಯವಾಗಲಿಲ್ಲ.

"ಚಲೋ ಆತು ಬಿಡಪ್ಪಾ," ಎಂದೆ.